ಕಪ್ ಬಂತು, ಕಾಸು ಎಲ್ಲಿ ಹೋಯ್ತು?

2023ರ ಜೂನ್ 21. ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾದ ಫುಟ್‌ಬಾಲ್ ಟೂರ್ನಿ ಸ್ಯಾಫ್ ಚಾಂಪಿಯನ್‌ಷಿಪ್‌ನ ಭಾರತ–ಪಾಕಿಸ್ತಾನ ಪಂದ್ಯ, ಸಾಲದ್ದಕ್ಕೆ ಮಳೆ. ಗೇಟಿನ ಎದುರು ಒಬ್ಬ ನೀಲಿ ಜರ್ಸಿಗಳನ್ನು ತೋಳ ಮೇಲೆ ಹೇರಿಕೊಂಡು, ತಲೆಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ನಿಂತಿದ್ದ. ವ್ಯಾಪಾರ ಹೇಗಿದೆ ಅಂತ ಕೇಳಿದೆ. ಚೆನ್ನಾಗಿದೆ ಸಾರ್, ಮಾಲು ತಿರುಪ್ಪೂರಿಂದ ಬರುತ್ತೆ, ನನಗೆ ಪೀಸಿಗೆ ನಲವತ್ತೋ ಐವತ್ತೋ ಉಳಿಯುತ್ತೆ, ಹೋದ ತಿಂಗಳು ಚಿನ್ನಸ್ವಾಮಿ ಮುಂದೆ ಕೆಂಪು ಜರ್ಸಿ ಮಾರ್ತಿದ್ದೆ, ಇದು ಮುಗಿದ ಮೇಲೆ ಛತ್ರಿ ಮಾರ್ತೀನಿ ಅಂತ ಒಂದೇ ಉಸಿರಿನಲ್ಲಿ ಹೇಳಿದ.

ಒಳಗೆ ನಾಯಕ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದು ಭಾರತ 4–0ಯಿಂದ ಗೆದ್ದಿತು. ಮನೆಗೆ ಹೋಗುವಾಗ ನನ್ನ ತಲೆಯಲ್ಲಿ ಇದ್ದದ್ದು ಮಾತ್ರ ಆ ಜರ್ಸಿಯವನ ಮಾತು. ಪಂದ್ಯಾವಳಿ, ಮೇಳ, ಸಮಾವೇಶಗಳಿಂದ ಊರಿಗೆ ಎಷ್ಟು ಆದಾಯ ಆಗುತ್ತೆ ಅಂತ ಲೆಕ್ಕ ಹಾಕುವುದು, ಬೇರೆಯವರು ಹಾಕಿದ ಲೆಕ್ಕವನ್ನು ತಪಾಸಣೆ ಮಾಡುವುದು ನನ್ನ ಕೆಲಸ. ನೂರು ಪುಟದ ವರದಿಯಲ್ಲಿ ಹುಡುಕಿದರೂ ಸಿಗದ ಪ್ರಾಮಾಣಿಕತೆ ಅವನ ಒಂದು ವಾಕ್ಯದಲ್ಲಿತ್ತು. ಮಾಲು ಹೊರಗಿನದು, ಉಳಿಯೋದು ಇಷ್ಟೇ, ಇದು ಇಲ್ಲದಿದ್ದರೆ ಇನ್ನೊಂದು ಮಾರ್ತಿದ್ದೆ.

ವರದಿಗಳು ಹೀಗೆ ಬರೆಯಲ್ಲ. ವರದಿಯ ಮೊದಲ ಪುಟದಲ್ಲೇ ಒಂದು ದಪ್ಪ ಅಂಕಿ ಇರುತ್ತದೆ, ಊರಿಗೆ ಇಷ್ಟು ನೂರು ಕೋಟಿ ಅಂತ. ಪತ್ರಿಕೆಯಲ್ಲಿ ಬರೋದು ಅದೇ, ಮಂತ್ರಿಗಳು ಭಾಷಣದಲ್ಲಿ ಹೇಳೋದೂ ಅದೇ. ಅದನ್ನು ಮಾಡುವ ರೀತಿ ಬಹಳ ಸುಲಭ. ಎಷ್ಟು ಜನ ಬರ್ತಾರೆ, ಒಬ್ಬೊಬ್ಬರು ಎಷ್ಟು ಖರ್ಚು ಮಾಡ್ತಾರೆ, ಗುಣಿಸು. ಬಂದಿದ್ದನ್ನು ಒಂದೂವರೆಯಿಂದಲೋ ಎರಡರಿಂದಲೋ ಮತ್ತೆ ಗುಣಿಸು. ಈ ಎರಡನೇ ಗುಣಾಕಾರಕ್ಕೆ ಒಂದು ಕಾರಣ ಇದೆ, ಸುಳ್ಳೇನಲ್ಲ. ಹೋಟೆಲಿನವನಿಗೆ ಬಂದ ದುಡ್ಡು ತರಕಾರಿಯವನಿಗೆ ಹೋಗುತ್ತೆ, ತರಕಾರಿಯವನು ಮಗಳ ಫೀಸು ಕಟ್ಟುತ್ತಾನೆ, ಹೀಗೆ ಒಂದೇ ನೋಟು ಊರೊಳಗೆ ನಾಲ್ಕು ಕೈ ಬದಲಾಯಿಸುತ್ತದೆ. ಸರಿ. ಆದರೆ ಆ ನೋಟು ಊರೊಳಗೇ ಸುತ್ತಬೇಕಲ್ಲ? ಹೋಟೆಲ್ ಸರಪಳಿಯ ಮಾಲೀಕ ಬೇರೆ ದೇಶದಲ್ಲಿದ್ದರೆ, ಜರ್ಸಿ ತಿರುಪ್ಪೂರಿನದಾದರೆ, ಮೊದಲ ಸುತ್ತಿನಲ್ಲೇ ಅದು ಬಸ್ಸು ಹತ್ತಿ ಹೊರಟಿರುತ್ತದೆ.

ಇದಕ್ಕಿಂತ ದೊಡ್ಡ ತೂತು ಇನ್ನೊಂದು. ಜಯನಗರದ ಒಂದು ಸಂಸಾರ ಅಂದುಕೊಳ್ಳಿ. ಶನಿವಾರ ಸಂಜೆ ಎರಡು ಸಾವಿರ ರೂಪಾಯಿ ಖರ್ಚು ಮಾಡಿ ಮ್ಯಾಚ್ ನೋಡಿ, ಹೊರಗೆ ಊಟ ಮಾಡಿ ಬಂದರು. ವರದಿಯಲ್ಲಿ ಆ ಎರಡು ಸಾವಿರ ಪಂದ್ಯಾವಳಿಯ ಕೊಡುಗೆ. ಆದರೆ ಮ್ಯಾಚ್ ಇಲ್ಲದಿದ್ದರೆ ಅವರು ಆ ದುಡ್ಡನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗ್ತಿದ್ರಾ? ಸಿನಿಮಾಗೆ ಹೋಗ್ತಿದ್ರು, ಮಾಲ್‌ಗೆ ಹೋಗ್ತಿದ್ರು. ಎಡಗಡೆ ಜೇಬಿಂದ ಬಲಗಡೆ ಜೇಬಿಗೆ ಹೋದ ದುಡ್ಡನ್ನು ಸಂಪಾದನೆ ಅಂತ ಬರೆದುಕೊಂಡ ಹಾಗಾಯ್ತು.

ನಾನು ಒಮ್ಮೆ ಒಂದು ಸಂಸ್ಥೆಗೆ ಮಾಡಿಕೊಟ್ಟ ಲೆಕ್ಕದ ಹಾಳೆಯಲ್ಲಿ 'ಇಲ್ಲದಿದ್ದರೆ' ಅಂತ ಒಂದು ಕಾಲಂ ಸೇರಿಸಿದ್ದೆ. ಪ್ರತಿ ಖರ್ಚಿನ ಪಕ್ಕದಲ್ಲೂ, ಈ ಪಂದ್ಯಾವಳಿ ಇಲ್ಲದಿದ್ದರೆ ಈ ದುಡ್ಡು ಏನಾಗ್ತಿತ್ತು ಅಂತ. ಮೊತ್ತ ಅರ್ಧಕ್ಕಿಂತ ಕೆಳಗೆ ಇಳಿಯಿತು. ವಾರದ ಮೇಲೆ ಫೋನ್ ಬಂತು. ಎಲ್ಲಾ ಚೆನ್ನಾಗಿದೆ ಸಾರ್, ಆ ಒಂದು ಕಾಲಂ ಮಾತ್ರ ಬೇಡ, ಓದುವವರಿಗೆ ಗೊಂದಲ ಆಗುತ್ತೆ. ಅಚ್ಚಾದ ವರದಿಯಲ್ಲಿ ಕಾಲಂ ಇರಲಿಲ್ಲ. ನನ್ನ ಹೆಸರನ್ನೂ ತೆಗೆಯಿರಿ ಅಂತ ನಾನೇ ಕೇಳಿಕೊಂಡಿದ್ದೆ, ಅದೊಂದನ್ನು ಚಾಚೂ ತಪ್ಪದೆ ಮಾಡಿದ್ದರು.

ಇದನ್ನೆಲ್ಲ ದೊಡ್ಡ ಪ್ರಮಾಣದಲ್ಲಿ ನೋಡಬೇಕಂದ್ರೆ ನಾನು ಯಾವಾಗಲೂ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ಗೆ ಹೋಗುತ್ತೇನೆ. ಕಾಗದದ ಮೇಲೆ. 2010ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಆ ಊರಲ್ಲಿ ಎರಡು ಕ್ರೀಡಾಂಗಣ ಆಗಲೇ ಇದ್ದವು. ಒಂದು ನ್ಯೂಲ್ಯಾಂಡ್ಸ್, 1890ರಿಂದ ರಗ್ಬಿ ಆಡುತ್ತಿದ್ದ ಜಾಗ. ಇನ್ನೊಂದು ಅಥ್ಲೋನ್, ವರ್ಣಭೇದದ ಕಾಲದಲ್ಲಿ ಊರಾಚೆಗೆ ತಳ್ಳಲ್ಪಟ್ಟ ಜನ ಇರುವ ಕಡೆ, ಫುಟ್‌ಬಾಲ್ ಹುಚ್ಚು ಜಾಸ್ತಿ ಇರುವ ಕಡೆ. ಇವನ್ನೇ ಸರಿ ಮಾಡಿ ಬಳಸೋಣ ಅನ್ನೋದು ಊರಿನ ಮೊದಲ ಯೋಚನೆ. ಆದರೆ ವಿಶ್ವಕಪ್ ನಡೆಸುವ ಫಿಫಾದವರಿಗೆ ಒಪ್ಪಿಗೆಯಾದದ್ದು ಗ್ರೀನ್ ಪಾಯಿಂಟ್ ಅನ್ನೋ ಜಾಗ. ಮುಂದೆ ಅಟ್ಲಾಂಟಿಕ್ ಸಮುದ್ರ, ಹಿಂದೆ ಟೇಬಲ್ ಮೌಂಟನ್. ಟಿ.ವಿ.ಯಲ್ಲಿ ಅದರಷ್ಟು ಚೆಂದ ಕಾಣುವ ಜಾಗ ಇನ್ನೊಂದಿಲ್ಲ ಬಿಡಿ.

2007ರ ಮಾರ್ಚ್‌ನಲ್ಲಿ ಅಲ್ಲಿ ಹೊಸ ಕ್ರೀಡಾಂಗಣದ ಕೆಲಸ ಶುರು, 2009ರ ಡಿಸೆಂಬರಿಗೆ ಮುಗಿಯಿತು. ಖರ್ಚು ಸುಮಾರು 440 ಕೋಟಿ ರ‍್ಯಾಂಡ್, ಆಗಿನ ಲೆಕ್ಕದಲ್ಲಿ ಎರಡೂವರೆ ಸಾವಿರ ಕೋಟಿ ರೂಪಾಯಿಗೂ ಮೇಲೆ. ಅಲ್ಲಿ ಆಡಿದ್ದು 8 ಪಂದ್ಯ. ಅರ್ಜೆಂಟೀನಾಗೆ ಜರ್ಮನಿ ನಾಲ್ಕು ಗೋಲು ಹೊಡೆದದ್ದು ಅಲ್ಲೇ, ಉರುಗ್ವೆ–ನೆದರ್ಲೆಂಡ್ಸ್ ಸೆಮಿಫೈನಲ್ ಕೂಡ ಅಲ್ಲೇ.

ಈಗ ಇನ್ನೊಂದು ಅಂಕಿ. ವಿಶ್ವಕಪ್ಪಿಗೆ ಅಂತ ಇಡೀ ದಕ್ಷಿಣ ಆಫ್ರಿಕಾಗೆ ಬಂದ ವಿದೇಶಿಯರು ಸುಮಾರು 3 ಲಕ್ಷದ 9 ಸಾವಿರ. ಅವರು ಮಾಡಿದ ಖರ್ಚು ಸುಮಾರು 364 ಕೋಟಿ ರ‍್ಯಾಂಡ್. ಅಲ್ಲಿನ ಪ್ರವಾಸೋದ್ಯಮ ಇಲಾಖೆಯವರೇ ಕೊಟ್ಟ ಲೆಕ್ಕ ಇದು. ಒಂಬತ್ತು ಊರು, ಹತ್ತು ಕ್ರೀಡಾಂಗಣ, 64 ಪಂದ್ಯ, ಎಲ್ಲಾ ಸೇರಿ ಹೊರಗಿನವರು ತಂದ ದುಡ್ಡು ಕೇಪ್ ಟೌನಿನ ಒಂದೇ ಒಂದು ಕ್ರೀಡಾಂಗಣದ ಖರ್ಚಿಗೂ ಸಾಲಲ್ಲ. ಮೊದಲ ಸಲ ಇವೆರಡನ್ನೂ ಅಕ್ಕಪಕ್ಕ ಬರೆದಾಗ ಸೊನ್ನೆ ತಪ್ಪಿರಬೇಕು ಅಂತ ನಾನು ಮತ್ತೆ ಎಣಿಸಿದ್ದೆ. ಕಟ್ಟಡ ಮೂವತ್ತು ನಲವತ್ತು ವರ್ಷ ಬಾಳುತ್ತೆ, ಪ್ರವಾಸಿಗಳ ದುಡ್ಡು ಒಂದು ತಿಂಗಳದು, ಹಾಗಾಗಿ ಇದು ತಕ್ಕಡಿಯಲ್ಲಿ ಸರಿಯಾಗಿ ತೂಗುವ ಹೋಲಿಕೆ ಅಲ್ಲ ಅಂತ ನನಗೂ ಗೊತ್ತು. ಆದರೆ ಆ ಮೂವತ್ತು ವರ್ಷ ಕಟ್ಟಡ ಏನು ಮಾಡುತ್ತೆ ಅನ್ನೋದೇ ಪ್ರಶ್ನೆ, ಅಲ್ವಾ?

ಮೂರು ವರ್ಷ ಮುಂಚೆ ಮಾಡಿದ್ದ ಅಂದಾಜಿನಲ್ಲಿ ಬರುವವರ ಸಂಖ್ಯೆ 4 ಲಕ್ಷದ 83 ಸಾವಿರ ಇತ್ತು. ಫಿಫಾ ಕಡೆಯಿಂದ ವಸತಿ ನೋಡಿಕೊಳ್ಳುತ್ತಿದ್ದ ಕಂಪನಿ ಹೋಟೆಲ್ ಕೋಣೆಗಳನ್ನು ಮೊದಲೇ ರಾಶಿ ರಾಶಿ ಹಿಡಿದಿಟ್ಟುಕೊಂಡು, ಕಪ್ಪಿಗೆ ಕೆಲವೇ ತಿಂಗಳು ಇರುವಾಗ ತುಂಬಾ ಕೋಣೆಗಳನ್ನು ವಾಪಸ್ ಬಿಟ್ಟಿತು. ಕೇಪ್ ಟೌನ್ ಪಾಲಿಗೆ ಒಂದು ಸಮಾಧಾನ ಅಂದ್ರೆ ಜೂನ್–ಜುಲೈ ಅಲ್ಲಿ ಚಳಿ, ಮಳೆ. ಹೋಟೆಲ್‌ಗಳು ಹೇಗೂ ಖಾಲಿ ಇರುವ ಕಾಲ. ಇದೇ ಕಪ್ ಡಿಸೆಂಬರ್‌ನಲ್ಲಿ ನಡೆದಿದ್ದರೆ, ಪ್ರತಿ ವರ್ಷ ಬರುವ ಪ್ರವಾಸಿಗರು ಗಲಾಟೆಗೂ ದುಬಾರಿ ಬಾಡಿಗೆಗೂ ಹೆದರಿ ಬೇರೆಲ್ಲೋ ಹೋಗಿಬಿಡುತ್ತಿದ್ದರು. ದಸರಾ ಜನಜಂಗುಳಿಯಲ್ಲಿ ಮೈಸೂರು ಸಹವಾಸ ಬೇಡ ಅಂತ ನಾವೇ ಟ್ರಿಪ್ ಮುಂದಕ್ಕೆ ಹಾಕಲ್ವಾ, ಹಾಗೆ. ಬಂದವರನ್ನು ಎಣಿಸೋರು ಇದ್ದಾರೆ, ಬಾರದೇ ಹೋದವರನ್ನು ಎಣಿಸೋರು ಇಲ್ಲ.

ಹಾಗಾದರೆ ದುಡ್ಡು ಮಾಡಿದ್ದು ಯಾರು? ಟಿ.ವಿ. ಹಕ್ಕು ಮತ್ತು ಜಾಹೀರಾತು ಒಪ್ಪಂದಗಳ ಹಣ ಫಿಫಾದ್ದು, ಊರಿನದ್ದಲ್ಲ. 2007ರಿಂದ 2010ರ ನಾಲ್ಕು ವರ್ಷದಲ್ಲಿ ಫಿಫಾ ಆದಾಯ ಸುಮಾರು 419 ಕೋಟಿ ಡಾಲರ್, ಖರ್ಚು ಕಳೆದು ಉಳಿದದ್ದು 63 ಕೋಟಿ ಡಾಲರ್. ಅದರ ಮೇಲೆ ಆ ದೇಶ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತ್ತು. ಕ್ರೀಡಾಂಗಣಗಳನ್ನು ಕಟ್ಟಿದವರೂ ಕಡಿಮೆ ಏನಲ್ಲ. 2010ರ ಕ್ರೀಡಾಂಗಣಗಳೂ ಸೇರಿದಂತೆ ಹಲವು ಕಾಮಗಾರಿಗಳ ಟೆಂಡರ್‌ಗಳಲ್ಲಿ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡಿದ್ದವು ಅಂತ ಅಲ್ಲಿನ ಸ್ಪರ್ಧಾ ಆಯೋಗ 2013ರಲ್ಲಿ 15 ನಿರ್ಮಾಣ ಕಂಪನಿಗಳ ಮೇಲೆ ಒಟ್ಟು 146 ಕೋಟಿ ರ‍್ಯಾಂಡ್ ದಂಡ ಹಾಕಿತು. ಡೆಡ್‌ಲೈನ್ ಇರುವ ಕೆಲಸದಲ್ಲಿ ಇದು ಆಗದಿದ್ದರೇ ಆಶ್ಚರ್ಯ. ಮದುವೆ ಮುಹೂರ್ತ ಗೊತ್ತಾದ ಮೇಲೆ ಶಾಮಿಯಾನದವನ ಹತ್ತಿರ ಚೌಕಾಸಿ ನಡೆಯುತ್ತಾ?

ಬೀದಿ ವ್ಯಾಪಾರಿಗಳ ಕಥೆ ಇನ್ನೊಂದು ಥರ. ಕ್ರೀಡಾಂಗಣದ ಸುತ್ತ ಒಂದಷ್ಟು ದೂರ, ಪ್ರಾಯೋಜಕರದ್ದು ಬಿಟ್ಟು ಬೇರೆ ಏನನ್ನೂ ಮಾರೋ ಹಾಗಿಲ್ಲ ಅಂತ ಊರೂರಲ್ಲೂ ನಿಯಮ ಮಾಡಿಸಿದ್ದರು. ವರ್ಷಪೂರ್ತಿ ಆಟದ ದಿನ ಸಾಸೇಜ್ ಸುಟ್ಟು ಮಾರುವವರು ಅತೀ ದೊಡ್ಡ ಆಟದ ದಿನ ಬೇಲಿಯಾಚೆ. ನಮ್ಮ ಜರ್ಸಿಯವನಿಗೆ ಕಂಠೀರವದ ಗೇಟಿನ ಎದುರೇ ನಿಲ್ಲೋಕೆ ಆಗಿದ್ದು ಸ್ಯಾಫ್ ಸಣ್ಣ ಟೂರ್ನಿ ಆಗಿದ್ದರಿಂದ. ಬ್ರೆಜಿಲ್‌ನಲ್ಲಿ 2014ರ ವಿಶ್ವಕಪ್ಪಿಗೆ ಮುಂಚೆ ಸಾಲ್ವಡಾರ್ ಊರಿನ ಅಕರಜೆ ಮಾರುವ ಹೆಂಗಸರು ಇದಕ್ಕೆ ಜಗಳಕ್ಕೇ ನಿಂತರು. ಅಕರಜೆ ಅಂದ್ರೆ ಹೆಚ್ಚು ಕಡಿಮೆ ನಮ್ಮ ಅಲಸಂದೆ ವಡೆ, ತಾಳೆ ಎಣ್ಣೆಯಲ್ಲಿ ಕರಿದದ್ದು. ಅರ್ಜಿ ಹಾಕಿ, ಸಹಿ ಸಂಗ್ರಹಿಸಿ, ಕೊನೆಗೆ ಕ್ರೀಡಾಂಗಣದಲ್ಲೇ ಮಾರುವ ಹಕ್ಕು ಪಡೆದರು. ಪಡೆದದ್ದು ಬೆರಳೆಣಿಕೆಯ ಜನ, ಆದರೂ ನನಗೆ ಇಷ್ಟವಾದ ಗೆಲುವು ಅದು. ಆ ದುಡ್ಡು ಮಾತ್ರ ಗ್ಯಾರಂಟಿ ಊರಲ್ಲೇ ಉಳಿಯುತ್ತೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ನನ್ನ ವೃತ್ತಿಯವರೂ ಇದನ್ನು ಎಷ್ಟೋ ಸಲ ಜಾರಿಸಿಬಿಡುತ್ತಾರೆ. ಲಾಭ ಯಾರಿಗೆ ಅಂತ ಕೇಳುವಾಗ ಗೆರೆ ಎಲ್ಲಿ ಎಳೀತೀರಿ? ಕೇಪ್ ಟೌನ್ ಕ್ರೀಡಾಂಗಣಕ್ಕೆ ದೊಡ್ಡ ಪಾಲು ಹಾಕಿದ್ದು ಕೇಂದ್ರ ಸರ್ಕಾರ. ಊರಿನ ಸುತ್ತ ಗೆರೆ ಎಳೆದರೆ ಅದು ಹೊರಗಿಂದ ಬಂದ ದುಡ್ಡು, ಊರಿಗೆ ಲಾಭವೇ. ದೇಶದ ಸುತ್ತ ಎಳೆದರೆ ಇನ್ಯಾವುದೋ ಊರಿನ ಆಸ್ಪತ್ರೆಗೋ ಶಾಲೆಗೋ ಹೋಗಬಹುದಾಗಿದ್ದ ದುಡ್ಡು. ಅದಕ್ಕೇ ಮೇಯರ್‌ಗಳಿಗೆ ಕಪ್ ಯಾವಾಗಲೂ ಲಾಭವಾಗೇ ಕಾಣುತ್ತೆ. ಅವರೇನೂ ಸುಳ್ಳು ಹೇಳ್ತಿಲ್ಲ, ಅವರ ಗೆರೆ ಚಿಕ್ಕದು, ಅಷ್ಟೇ.

ಒಳ್ಳೆಯದೂ ಆಯಿತು. ಬಸ್ ವ್ಯವಸ್ಥೆಗೆ ಚಾಲನೆ ಸಿಕ್ಕಿತು, ವಿಮಾನ ನಿಲ್ದಾಣ ದೊಡ್ಡದಾಯಿತು. ರೈಲು ನಿಲ್ದಾಣದಿಂದ ಕ್ರೀಡಾಂಗಣದವರೆಗೆ ಎರಡೂವರೆ ಕಿಲೋಮೀಟರಿನಷ್ಟು ದಾರಿಯನ್ನು ನಡೆಯುವವರಿಗೇ ಬಿಟ್ಟುಕೊಟ್ಟರು, ಅದೊಂದು ಜಾತ್ರೆಯೇ ಆಗಿಬಿಟ್ಟಿತು. ಟಿಕೆಟ್ ಇಲ್ಲದವರೂ ಸುಮ್ನೆ ವುವುಜೆಲಾ ತುತ್ತೂರಿ ಊದಿಕೊಂಡು ನಡೆದರು. ಈ ಖುಷಿಗೂ ಬೆಲೆ ಇದೆ, ಹಾಳೆಯಲ್ಲಿ ಬರೆಯೋಕೆ ಆಗಲ್ಲ ಅಂತ ಇಲ್ಲ ಅನ್ನಬಾರದು. ಆದರೆ ಬಸ್ಸು ಬೇಕಿದ್ದರೆ ಬಸ್ಸನ್ನೇ ತರಬಹುದಿತ್ತಲ್ಲ, ಅದಕ್ಕೆ 440 ಕೋಟಿಯ ಬಟ್ಟಲು ಯಾಕೆ ಅಂತ ಕೇಳಿದರೆ, ಸರ್ಕಾರಗಳು ಕೆಲಸ ಮಾಡೋದೇ ಗಡುವು ಇದ್ದಾಗ ಅನ್ನೋ ಉತ್ತರ ಬರುತ್ತೆ. ಬೆಂಗಳೂರಲ್ಲಿ ಇದ್ದುಕೊಂಡು ಈ ಉತ್ತರಕ್ಕೆ ಎದುರು ಮಾತಾಡೋದು ನನಗೆ ಕಷ್ಟ.

ಇನ್ನು ಅಪಾಯದ ಮಾತು. 2017ರಲ್ಲಿ ನಮ್ಮ ದೇಶದಲ್ಲೇ 17 ವರ್ಷದೊಳಗಿನವರ ವಿಶ್ವಕಪ್ ನಡೆಯಿತು. ಗುವಾಹಟಿಗೆ ಸೆಮಿಫೈನಲ್ ಸಿಕ್ಕಿತ್ತು, ಇಂಗ್ಲೆಂಡ್–ಬ್ರೆಜಿಲ್. ಮಳೆಗೆ ಮೈದಾನ ಹಾಳಾಗಿ, ಪಂದ್ಯಕ್ಕೆ ಎರಡೇ ದಿನ ಇರುವಾಗ ಅದನ್ನು ಕೋಲ್ಕತ್ತಾಗೆ ಎತ್ತಿಕೊಂಡು ಹೋದರು. ವರ್ಷಗಟ್ಟಲೆ ತಯಾರಿ ಗುವಾಹಟಿಯದು, ಜನ ತುಂಬಿದ ಗ್ಯಾಲರಿ ಕೋಲ್ಕತ್ತಾದ್ದು. ಲಾಭ ಎಲ್ಲಿಗೆ ಬೇಕಾದರೂ ಎದ್ದು ಹೋಗುತ್ತೆ, ಖರ್ಚು ಕೂತಲ್ಲೇ ಕೂತಿರುತ್ತೆ.

ಆ ದೃಷ್ಟಿಯಲ್ಲಿ ಬೆಂಗಳೂರಿನ ಸ್ಯಾಫ್ ನನ್ನ ಲೆಕ್ಕಕ್ಕೆ ಪಾಸು. ಹೊಸ ಕ್ರೀಡಾಂಗಣ ಕಟ್ಟಲಿಲ್ಲ. ಇದ್ದ ಕಂಠೀರವದಲ್ಲೇ ಎರಡು ವಾರ ಎಂಟು ತಂಡಗಳನ್ನು ಆಡಿಸಿದರು, ಫೈನಲ್‌ನಲ್ಲಿ ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದೆವು. ಅಥ್ಲೀಟ್‌ಗಳು ಓಡುವ ಜಾಗ ಅಷ್ಟು ದಿನ ಅವರಿಗೆ ಪೂರ್ತಿ ಸಿಗಲಿಲ್ಲ, ಅದನ್ನೂ ಖರ್ಚಿನ ಕಡೆಗೇ ಬರೀಬೇಕು. ಬಂದಿದ್ದೂ ಸಣ್ಣದು, ಹೋಗಿದ್ದೂ ಸಣ್ಣದು.

ಕೇಪ್ ಟೌನಿನಲ್ಲಿ ಹೋಗೋದು ನಿಲ್ಲಲೇ ಇಲ್ಲ. ಕಪ್ ಮುಗಿದ ಮೇಲೆ ಕ್ರೀಡಾಂಗಣವನ್ನು 30 ವರ್ಷ ನಡೆಸಿಕೊಡ್ತೀವಿ ಅಂತ ಒಪ್ಪಿಕೊಂಡಿದ್ದ ಕಂಪನಿಗಳ ಕೂಟ, ಲೆಕ್ಕ ಹಾಕಿ ನೋಡಿ, 2010ರ ಅಕ್ಟೋಬರ್‌ನಲ್ಲೇ ಕೈ ಎತ್ತಿತು. ಫೈನಲ್ ಮುಗಿದು ಮೂರು ತಿಂಗಳು. ಊರಿನ ಕ್ಲಬ್‌ಗಳ ಪಂದ್ಯಕ್ಕೆ 55 ಸಾವಿರ ಸೀಟು ತುಂಬಲ್ಲ. ಸುತ್ತ ಶ್ರೀಮಂತರ ಬಡಾವಣೆ, ಅಂಗಡಿ ಹೋಟೆಲ್ ಮಾಡೋಕೆ ಜಾಗದ ನಿಯಮ ಆಗ ಬಿಡ್ತಿರಲಿಲ್ಲ. 2011ರಲ್ಲಿ ಯು2 ಅನ್ನೋ ಪ್ರಸಿದ್ಧ ರಾಕ್ ಬ್ಯಾಂಡ್ ಬಂದು ಹಾಡಿತು, ಸರಿ, ಯು2 ಪ್ರತಿ ತಿಂಗಳು ಬರುತ್ತಾ? ಹುಲ್ಲಿಗೆ ನೀರು, ದೀಪಕ್ಕೆ ಕರೆಂಟು, ಕಾವಲಿಗೆ ಸಂಬಳ, ಎಲ್ಲಾ ನಗರಪಾಲಿಕೆಯ ತಲೆ ಮೇಲೆ. ವರ್ಷಾ ವರ್ಷಾ ಕೋಟಿಗಟ್ಟಲೆ ರ‍್ಯಾಂಡ್ ನಷ್ಟ. ಕೆಡವಿಬಿಡೋಣ, ಬಡವರಿಗೆ ಮನೆ ಮಾಡೋಣ ಅನ್ನೋ ಮಾತೂ ಬಂತು.

ಎಲ್ಲರ ಕಣ್ಣೂ ಇದ್ದದ್ದು ರಗ್ಬಿಯವರ ಮೇಲೆ. ಅವರಿಗೆ ನ್ಯೂಲ್ಯಾಂಡ್ಸ್ ಇತ್ತು, ಸ್ವಂತ ಮನೆ, ಯಾಕೆ ಬಾಡಿಗೆಗೆ ಬರ್ತಾರೆ? ವರ್ಷಗಟ್ಟಲೆ ಮಾತುಕತೆ ನಡೆದು, 2021ರಲ್ಲಿ ಕೊನೆಗೂ ಬಂದರು. ಈಗ ಅಲ್ಲಿ ಪಂದ್ಯಗಳಿವೆ, ಜನ ಬರ್ತಾರೆ, 2022ರಲ್ಲಿ ಊರಿನ ತಂಡ ಒಂದು ದೊಡ್ಡ ಲೀಗಿನ ಫೈನಲನ್ನೂ ಅಲ್ಲೇ ಗೆದ್ದಿತು. ವರದಿಗಳಲ್ಲಿ ಇದನ್ನು ಕ್ರೀಡಾಂಗಣಕ್ಕೆ ಮರುಜೀವ ಅಂತ ಬರೆಯುತ್ತಾರೆ. ಆದರೆ 130 ವರ್ಷ ಆಟ ನಡೆದ ನ್ಯೂಲ್ಯಾಂಡ್ಸ್, ವಿಶ್ವಕಪ್ಪಿಗೆ ಇದೇ ಸಾಕು ಅಂತ ಊರಿನವರು ಮೊದಲು ತೋರಿಸಿದ್ದ ಆ ಮೈದಾನ, ಅದೇ ವರ್ಷ ಖಾಲಿಯಾಯಿತು.