ಅಜ್ಜಿ ಸುಮ್ಮನಿದ್ದರೆ ಯಾರು ಕೇಳಬೇಕು?

ಬೆಳಗ್ಗೆ ಆರು ಗಂಟೆ. ಮಂಡ್ಯ ತಾಲ್ಲೂಕಿನ ನಮ್ಮೂರ ಡೈರಿ ಮುಂದೆ ಕ್ಯಾನು ಹಿಡಿದವರ ಸಾಲು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಆ ಸಾಲಿಗೆ ದಿನಾ ಬರುತ್ತಿದ್ದರು. ಒಂದು ತಿಂಗಳು ಹಾಲಿನ ಬಟವಾಡೆ ಅವರ ಬದಲು ಮಗನ ಖಾತೆಗೆ ಹೋಗತೊಡಗಿತು. ಸ್ವಲ್ಪ ದಿನ ಕಳೆದ ಮೇಲೆ ನೋಡಿದರೆ ಅಜ್ಜಿಯ ಬಲಗೈ ಮಣಿಕಟ್ಟು ಊದಿತ್ತು. ಕ್ಯಾನನ್ನು ಎಡಗೈಯಲ್ಲಿ ಎತ್ತಲಾಗದೆ ಸೊಂಟಕ್ಕೆ ಒತ್ತಿಕೊಂಡು ಬಂದಿದ್ದರು. "ಕೊಟ್ಗೇಲಿ ಜಾರ್ಬುಟ್ಟೆ ಕಣಪ್ಪ" ಅಂದರು. ಹಾಲು ಅಳೆಯುವ ಹುಡುಗ ತಲೆ ತಗ್ಗಿಸಿದ. ಸಾಲಿನಲ್ಲಿದ್ದ ನಾವೂ ಸುಮ್ಮನಾದೆವು. ಅದು ಅವರ ಮನೆ ವಿಷಯ, ಅಲ್ವಾ?

ಈ 'ಮನೆ ವಿಷಯ' ಅನ್ನುವ ಮಾತಿಗೆ ಹಳೆಯ ಬೇರುಗಳಿವೆ. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾಗುವಾಗ ಊರ ಹಿರಿಯರು ಕೂತು ಅಪ್ಪ ಅಮ್ಮನ ಜೀವನಕ್ಕೆ ಅಂತ ಒಂದಿಷ್ಟು ಗದ್ದೆ ಬಿಡಿಸುತ್ತಿದ್ದರು. ಇಲ್ಲದಿದ್ದರೆ ತಿಂಗಳಿಗೊಬ್ಬ ಮಗನ ಮನೆಯಲ್ಲಿ ಊಟ ಅಂತ ಸರದಿ. ಇದನ್ನು ಸುವರ್ಣಯುಗ ಅಂತ ನಾನು ಹೇಳುವುದಿಲ್ಲ. ಆಸ್ತಿ ಇಲ್ಲದ ವಿಧವೆಯ ಪರವಾಗಿ ಮಾತಾಡುವವರು ಆ ಕಟ್ಟೆಯ ಮೇಲೆ ಕಮ್ಮಿ ಇದ್ದರು. ಆದರೆ ಮಗ ತಪ್ಪಿದರೆ ಕೇಳುವುದಕ್ಕೆ ಊರಿಗೆ ಹಕ್ಕಿದೆ ಅನ್ನುವ ಭಾವನೆ ಇತ್ತು.

ಆಮೇಲೆ ಈ ಕೆಲಸ ಕೋರ್ಟಿಗೆ ಹೋಯಿತು. ವಯಸ್ಸಾದ ತಂದೆ ತಾಯಿಯನ್ನು ಸಾಕುವುದು ಮಗ ಮತ್ತು ಮಗಳು ಇಬ್ಬರ ಹೊಣೆ ಅಂತ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹೇಳಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಲ್ಲ ಧರ್ಮದ ತಂದೆ ತಾಯಿಗೂ ಜೀವನಾಂಶ ಕೇಳುವ ದಾರಿ ಕೊಟ್ಟಿತು. ಆದರೆ ವಕೀಲರನ್ನು ಹಿಡಿದು, ವಾಯಿದೆಗೆ ಓಡಾಡಿ, ವರ್ಷಗಟ್ಟಲೆ ಕಾಯುವ ಶಕ್ತಿ ಎಪ್ಪತ್ತೈದರ ದೇಹಕ್ಕೆ ಎಲ್ಲಿಂದ ಬರಬೇಕು?

ಅದಕ್ಕೇ 2007ರ ಕೊನೆಗೆ ಪಾಲಕರ ಮತ್ತು ಹಿರಿಯ ನಾಗರಿಕರ ಜೀವನಾಂಶ ಹಾಗೂ ಕಲ್ಯಾಣ ಕಾಯ್ದೆ ಬಂತು. ಕರ್ನಾಟಕದ ನಿಯಮಗಳು 2009ರವು. ಈಗ ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಗೆ, ಅಂದರೆ ಜನ 'ಎಸಿ ಸಾಹೇಬ್ರು' ಅನ್ನುವವರಿಗೆ. ನಮ್ಮ ಜಿಲ್ಲೆಯಲ್ಲಿ ಮಂಡ್ಯ ಮತ್ತು ಪಾಂಡವಪುರದಲ್ಲಿ, ಪಕ್ಕದ ಜಿಲ್ಲೆಯಲ್ಲಿ ಮೈಸೂರು ಮತ್ತು ಹುಣಸೂರಿನಲ್ಲಿ ಈ ಕಚೇರಿಗಳಿವೆ. ಜೀವನಾಂಶ ಕೇಳಿದ ಅರ್ಜಿ 90 ದಿನದಲ್ಲಿ ತೀರ್ಮಾನ ಆಗಬೇಕು. ತೀರಾ ಅಗತ್ಯವಿದ್ದರೆ ಇನ್ನೊಂದು 30 ದಿನ. ಹಿರಿಯರನ್ನು ಬೇಕಂತಲೇ ಎಲ್ಲೋ ಬಿಟ್ಟು ಹೋದರೆ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಈ ಕಾಯ್ದೆಯಲ್ಲಿ ನಮ್ಮ ಸೀಮೆಗೆ ಹೆಚ್ಚು ತಟ್ಟುವುದು 23ನೇ ಕಲಂ. ನೋಡಿಕೊಳ್ಳುತ್ತೇವೆ ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಬೆಂಗಳೂರು–ಮೈಸೂರು ಹೆದ್ದಾರಿ ಆದ ಮೇಲೆ ರಸ್ತೆ ಪಕ್ಕದ ಒಂದೊಂದು ಗುಂಟೆಗೂ ಬೆಲೆ ಬಂದಿದೆ. ತಾತನೊಬ್ಬನನ್ನು ಆಟೋದಲ್ಲಿ ಕೂರಿಸಿಕೊಂಡು ಬಂದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸಿ, ದಾರಿಯಲ್ಲಿ ಒಂದು ಕಾಫಿ ಕುಡಿಸಿ ಮನೆಗೆ ಬಿಡುವುದನ್ನು ಕಂಡಿದ್ದೇನೆ. ದಾನಪತ್ರದಲ್ಲಿ ಏನು ಬರೆದಿದೆ ಅಂತ ಆ ತಾತನಿಗೆ ಯಾರೂ ಓದಿ ಹೇಳಿರಲಿಲ್ಲ. ಪತ್ರದಲ್ಲಿ ಏನಿದೆ ಅನ್ನುವುದೇ ಮುಂದೆ ದೊಡ್ಡದಾಗುತ್ತದೆ. ನೋಡಿಕೊಳ್ಳಬೇಕೆಂಬ ಷರತ್ತು ಇತ್ತು ಅಂತ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತ್ತು. ಇದು ಹಿರಿಯರ ಹಿತಕ್ಕಾಗಿ ಬಂದ ಕಾನೂನು, ಇದನ್ನು ಉದಾರವಾಗಿ ಓದಬೇಕು ಎಂದು 2025ರ ಜನವರಿಯಲ್ಲಿ ಅದೇ ಕೋರ್ಟ್ ಹೇಳಿ ತಾಯಿಯೊಬ್ಬರ ಆಸ್ತಿ ವಾಪಸ್ ಕೊಡಿಸಿತು. ಏನೇ ಇರಲಿ, ಬರೆದುಕೊಡುವಾಗಲೇ ಷರತ್ತನ್ನು ಪತ್ರದಲ್ಲಿ ಹಾಕಿಸುವುದು ಕ್ಷೇಮ. ಪತ್ರ ಬರೆಯುವವರು ಇದೊಂದು ಮಾತು ಕೇಳಿದರೂ ಎಷ್ಟೋ ಮನೆ ಉಳಿಯುತ್ತದೆ.

ಇಷ್ಟೆಲ್ಲ ಇದ್ದೂ ಅಜ್ಜಿ ಎಸಿ ಕಚೇರಿಗೆ ಹೋಗಲಿಲ್ಲ. ಯಾಕೆ ಅಂದರೆ, "ನನ್ ಮಗುನ್ ಮೇಲೆ ನಾನೇ ಕಂಪ್ಲೇಂಟ್ ಕೊಡಾದಾ?" ದೂರು ಕೊಟ್ಟು ಬಂದ ರಾತ್ರಿ ಮಲಗಬೇಕಾದ್ದು ಅದೇ ಮನೆಯಲ್ಲಿ. ನನ್ನ ಪ್ರಕಾರ ಎಲ್ಲ ಕಗ್ಗಂಟೂ ಇಲ್ಲೇ ಇದೆ. ತೊಂದರೆಯಲ್ಲಿರುವವರೇ ಬಂದು ಹೇಳಲಿ ಅಂತ ಕಾದರೆ ಯಾರೂ ಬರುವುದಿಲ್ಲ.

ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. ಹಿರಿಯರಿಗೆ ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಯಾರಾದರೂ, ಸಂಘ ಸಂಸ್ಥೆ ಕೂಡ, ಅರ್ಜಿ ಹಾಕಬಹುದು. ಎಸಿ ತಾವಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬಹುದು. ಕೇಂದ್ರದ ಮಾದರಿ ನಿಯಮಗಳು ಇನ್ನೂ ಮುಂದೆ ಹೋಗಿವೆ. ಒಂಟಿ ಹಿರಿಯರ ಪಟ್ಟಿ ಠಾಣೆಯಲ್ಲಿರಬೇಕು. ಪೊಲೀಸರು ಸಾಧ್ಯವಾದಷ್ಟು ಒಬ್ಬ ಸ್ವಯಂಸೇವಕರ ಜೊತೆ ತಿಂಗಳಿಗೊಮ್ಮೆಯಾದರೂ ಅವರ ಮನೆಗೆ ಹೋಗಬೇಕು. ಪ್ರತಿ ಠಾಣೆಗೂ ಸ್ವಯಂಸೇವಕರ ಸಮಿತಿ ಇರಬೇಕು. ನಿವೃತ್ತರ ಊರು ಅನ್ನಿಸಿಕೊಂಡ ಮೈಸೂರಿಗೆ ಹೇಳಿ ಮಾಡಿಸಿದ ಮಾತಿದು. ಕುವೆಂಪುನಗರ, ಸರಸ್ವತಿಪುರಂ ಕಡೆ ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ಇರುವವರು ಎಷ್ಟಿಲ್ಲ? ನಿಮ್ಮ ಬಡಾವಣೆಯ ಠಾಣೆಯಲ್ಲಿ ಅಂಥ ಪಟ್ಟಿ ಇದೆಯಾ ಅಂತ ಒಮ್ಮೆ ಹೋಗಿ ಕೇಳಿ.

ಹಳ್ಳಿಯಲ್ಲಿ ಸಮಿತಿ ಅಂತ ಬೋರ್ಡು ಹಾಕುವುದೇ ಬೇಡ. ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆ ಇದ್ದಾರೆ. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಯಾರ ಕೈ ಸೇರುತ್ತಿದೆ ಅಂತ ಪೋಸ್ಟ್‌ಮ್ಯಾನಿಗೆ ಗೊತ್ತು. ಬೆರಳು ಸವೆದು ಹೆಬ್ಬೆಟ್ಟು ಕೂರದೆ ರೇಷನ್ ಇಲ್ಲದೆ ಹಿಂದಿರುಗಿದ್ದು ಯಾರು ಅಂತ ಸೊಸೈಟಿಯವರಿಗೆ ಗೊತ್ತು. ಇವರೆಲ್ಲ ತುಂಡು ತುಂಡಾಗಿ ನೋಡಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ, ಅಷ್ಟೇ. ಏನು ಮಾಡಬೇಕು ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ. ಹಣ ಕಟ್ಟಬೇಕಿಲ್ಲ, ಪಕ್ಕದ ಮನೆಯವರೂ ಫೋನ್ ಮಾಡಬಹುದು.

ನಮ್ಮೂರಲ್ಲಿ ಕೊನೆಗೆ ಬಾಯಿ ಬಿಟ್ಟವನು ಹಾಲು ಅಳೆಯುವ ಹುಡುಗ. ಆಶಾ ಅಕ್ಕನಿಗೆ ಹೇಳಿದ. ಅವರು ಬಿಪಿ ನೋಡುವ ನೆಪದಲ್ಲಿ ಮನೆಗೆ ಹೋದರು. ಸ್ತ್ರೀಶಕ್ತಿ ಸಂಘದ ಇಬ್ಬರು ಜೊತೆಗಿದ್ದರು. ಮಗನನ್ನು ಬೈಯಲಿಲ್ಲ. ಅವನಿಗೂ ಸಾಲ ಇತ್ತು, ಅದನ್ನೂ ಕೇಳಿಸಿಕೊಂಡರು. ಆದರೆ ವಾರಕ್ಕೊಮ್ಮೆ ಬರುತ್ತೇವೆ ಅಂತ ಹೇಳಿ ಬಂದರು, ಹೇಳಿದಂತೆ ಹೋದರು. ಎರಡು ತಿಂಗಳಲ್ಲಿ ಬಟವಾಡೆ ಮತ್ತೆ ಅಜ್ಜಿಯ ಖಾತೆಗೆ ಬಂತು. ಮಣಿಕಟ್ಟು ಪೂರ್ತಿ ಸರಿಯಾಗಿಲ್ಲ. ಈಗ ಕ್ಯಾನು ಹೊತ್ತು ತರುವುದು ಮೊಮ್ಮಗಳು, ಪಕ್ಕದಲ್ಲಿ ಅಜ್ಜಿ ನಡೆದು ಬರುತ್ತಾರೆ.