ಪುತ್ತರಿಯ ಫೋಟೋಗಳು ಎಲ್ಲಿ ಹೋದವು?

ಜುಲೈ ಮಳೆಗೆ ಮಡಿಕೇರಿಯಲ್ಲಿ ಕರೆಂಟು ಹೋಗುವುದು ಹೊಸದೇನಲ್ಲ. ಆದರೆ ಆ ದಿನ ಅದು ಹೋದದ್ದು ಪಕ್ಕದ ಮನೆಯ ಅಕ್ಕ ಪುತ್ತರಿ ಹಬ್ಬದ ಫೋಟೋಗಳನ್ನು ಕ್ಯಾಮೆರಾ ಕಾರ್ಡಿನಿಂದ ‘ಕಟ್’ ಮಾಡಿ ಕಂಪ್ಯೂಟರಿಗೆ ‘ಪೇಸ್ಟ್’ ಮಾಡಿದ ಮರುಗಳಿಗೆಯಲ್ಲೇ. ಕರೆಂಟು ಮರಳಿದಾಗ ಕೊನೆಯ ಒಂಬತ್ತು ಫೋಟೋಗಳು ತೆರೆಯಲೇ ಇಲ್ಲ. ಕಾರ್ಡು ನೋಡಿದರೆ ಖಾಲಿ. ಅವರ ಅತ್ತೆ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ತೂಗುದೀಪದ ಬಳಿ ಹೊಸ ಕದಿರು ಹಿಡಿದು ನಿಂತ ಚಿತ್ರ ಆ ಒಂಬತ್ತರಲ್ಲಿ ಒಂದು. ಅತ್ತೆ ಈಗಿಲ್ಲ.

ನಾನು ಮೊದಲು ಮಾಡಿದ್ದು, ಕಾರ್ಡಿನ ಅಂಚಿನ ಪುಟ್ಟ ಲಾಕನ್ನು ಸರಿಸಿದ್ದು. ಇನ್ನು ಅದರ ಮೇಲೆ ಏನನ್ನೂ ಬರೆಯಬಾರದು.

ಆಮೇಲೆ ಕಂಪ್ಯೂಟರಿನಲ್ಲಿದ್ದ ಒಂದು ಫೈಲನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದೆ. ಫೈಲಿನ ಒಂದೊಂದು ಬೈಟನ್ನೂ ಅಂಕಿಯಾಗಿ ತೋರಿಸುವ ತಂತ್ರಾಂಶ ಅದು. ಕ್ಯಾಮೆರಾಗಳು ಸಾಮಾನ್ಯವಾಗಿ ಫೋಟೋ ಉಳಿಸುವುದು ಜೆಪೆಗ್ (ಜೆಪಿಜಿ) ಎಂಬ ವಿನ್ಯಾಸದಲ್ಲಿ. ಅಂಥ ಚಿತ್ರ ಯಾವುದೇ ಇರಲಿ, ಅದರ ಮೊದಲ ಎರಡು ಬೈಟುಗಳು 255 ಮತ್ತು 216. ಮುಗಿಯುವುದು 255, 217ರಲ್ಲಿ. ಇಲ್ಲಿ ಕಂಡದ್ದು ಬರೀ ಸೊನ್ನೆಗಳು, ತಲೆಯಿಂದ ಬಾಲದವರೆಗೆ. ಗಾತ್ರ ಮಾತ್ರ ಸರಿಯಾಗಿ ನಾಲ್ಕು ಎಂಬಿ! ಕಂಪ್ಯೂಟರು ನಕಲು ಮಾಡಿದ್ದನ್ನು ಆ ಕ್ಷಣವೇ ಡಿಸ್ಕಿಗೆ ಇಳಿಸುವುದಿಲ್ಲ, ಸ್ವಲ್ಪ ಹೊತ್ತು ತನ್ನ ಸ್ಮೃತಿಯಲ್ಲೇ ಇಟ್ಟುಕೊಂಡಿರುತ್ತದೆ. ಫೈಲಿನ ಹೆಸರು, ಗಾತ್ರ ದಾಖಲಾಗಿದ್ದವು. ಒಳಗಿನ ಸರಕು ಇಳಿಯುವ ಮುನ್ನ ಕರೆಂಟು ಹೋಯಿತು. ಸೊನ್ನೆಗಳಿಂದ ಚಿತ್ರ ಹುಟ್ಟಿಸುವ ದುರಸ್ತಿ ತಂತ್ರಾಂಶ ಯಾವುದೂ ಇಲ್ಲ. ಅದಕ್ಕೆ ಹಣ ಕಟ್ಟಬೇಡಿ.

ತೆರೆಯದ ಫೋಟೋಗಳೆಲ್ಲ ಕೆಟ್ಟಿರುತ್ತವೆ ಎಂದೂ ಅಲ್ಲ. 2017ರಿಂದ ಐಫೋನುಗಳು ಎಚ್‌ಇಐಸಿ ಎಂಬ ಬೇರೆ ವಿನ್ಯಾಸದಲ್ಲಿ ಚಿತ್ರ ಉಳಿಸುತ್ತಿವೆ. ಹಳೆಯ ಕಂಪ್ಯೂಟರಿಗೆ ಅದನ್ನು ಓದಲು ಬರುವುದಿಲ್ಲ, ಅಷ್ಟೆ. ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದು ತಿದ್ದಿದರೆ ಒಳಗಿರುವುದು ಬದಲಾಗದು, ಪರಿವರ್ತಿಸಿಯೇ ತೀರಬೇಕು.

ಇನ್ನು ಕಾರ್ಡು. 32 ಜಿಬಿವರೆಗಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು, ಫೈಲುಗಳನ್ನು ಪಟ್ಟಿ ಮಾಡಿ ಜೋಡಿಸಿಡುವ ಫ್ಯಾಟ್32 ಎಂಬ ವ್ಯವಸ್ಥೆ. ಅದರಲ್ಲಿ ಫೈಲು ಅಳಿಸುವುದೆಂದರೆ ಪಟ್ಟಿಯಲ್ಲಿ ಅದರ ಹೆಸರಿನ ಮೊದಲ ಅಕ್ಷರವನ್ನು ಹೊಡೆದುಹಾಕಿ, ಅದು ಕುಳಿತಿದ್ದ ಜಾಗಗಳನ್ನು ‘ಖಾಲಿ’ ಎಂದು ಗುರುತಿಸುವುದು. ಬೇರೊಂದು ಫೋಟೋ ಬಂದು ಕೂರುವ ತನಕ ಹಳೆಯದು ಅಲ್ಲೇ ಇರುತ್ತದೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಪಟ್ಟಿಯನ್ನು ನೆಚ್ಚಿಕೊಳ್ಳದೆ ಇಡೀ ಕಾರ್ಡನ್ನು ಜಾಲಾಡಿ, 255, 216ರಂಥ ಆರಂಭದ ಗುರುತು ಸಿಕ್ಕಲ್ಲೆಲ್ಲ ಚಿತ್ರವನ್ನು ಎತ್ತಿಕೊಡುತ್ತದೆ. ಎತ್ತಿದ್ದನ್ನು ಬೇರೆ ಡಿಸ್ಕಿಗೇ ಹಾಕಬೇಕು.

ಎಂಟು ಫೋಟೋಗಳು ಇಡಿಯಾಗಿ ಬಂದವು. ಅತ್ತೆಯ ಚಿತ್ರ ಬಂದದ್ದು ಅರ್ಧ. ಮೇಲೆ ಮಾಡು, ದೀಪ. ಅದರ ಕೆಳಗೆ ಬಣ್ಣಗೆಟ್ಟ ಪಟ್ಟಿ. ಆಮೇಲೆ ಬರೀ ಬೂದು. ಆ ಫೈಲು ಕಾರ್ಡಿನಲ್ಲಿ ಎರಡು ತುಂಡಾಗಿ ಬೇರೆಬೇರೆ ಕಡೆ ಕುಳಿತಿತ್ತು. ಎರಡನೆಯ ತುಂಡಿನ ಬದಲು ಬೇರಾವುದೋ ಫೈಲಿನ ತುಂಡು ಬಂದು ಅಂಟಿಕೊಂಡಿತ್ತು.

ಬಣ್ಣ ಕೆಡುವುದೇಕೆ? ಜೆಪೆಗ್ ಚಿತ್ರವನ್ನು 8 × 8 ಚುಕ್ಕಿಗಳ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದ ಸರಾಸರಿ ಬೆಳಕನ್ನು ನೇರವಾಗಿ ಬರೆಯದೆ, ಹಿಂದಿನದಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದಷ್ಟೇ ಬರೆಯುತ್ತದೆ. ನಮ್ಮ ಕಾಫಿ ತೋಟಗಳಲ್ಲಿ ದಿನವೂ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರಲ್ಲ, ಅಲ್ಲಿ ‘ನಿನ್ನೆಗಿಂತ ಅರ್ಧ ಇಂಚು ಜಾಸ್ತಿ’ ಎಂದು ಮಾತ್ರ ಬರೆಯುತ್ತಾ ಹೋದರೆಂದು ಭಾವಿಸಿ. ಒಂದು ದಿನ ತಪ್ಪಿದರೆ ಮುಂದಿನ ಎಲ್ಲ ದಿನಗಳ ಲೆಕ್ಕವೂ ತಪ್ಪು. ಬಣ್ಣಕ್ಕೂ ಇದೇ ಗತಿ.

ಆದರೆ ಕ್ಯಾಮೆರಾ ಮತ್ತೊಂದು ಕೆಲಸ ಮಾಡಿರುತ್ತದೆ. ಫೈಲಿನ ಆರಂಭದಲ್ಲಿ, ದಿನಾಂಕ ಮುಂತಾದ ವಿವರಗಳ ಜೊತೆ, ಇಡೀ ಚಿತ್ರದ ಕಿರುಪ್ರತಿಯೊಂದನ್ನು ಹುದುಗಿಸಿರುತ್ತದೆ. ಕಿರುಚಿತ್ರ ಕಾಣುತ್ತದೆ, ತೆರೆದರೆ ಮಾತ್ರ ಫೋಟೋ ಬರುವುದಿಲ್ಲ ಎಂಬ ದೂರಿಗೆ ಹಲವು ಸಲ ಇದೇ ಕಾರಣ. ನಮ್ಮ ಫೈಲಿನ ಮೊದಲ ತುಂಡಿನಲ್ಲಿ ಅದು ಸುರಕ್ಷಿತವಾಗಿತ್ತು. ಹೊರತೆಗೆದೆ: 160 × 120 ಚುಕ್ಕಿಗಳು, ಅಂಚೆ ಚೀಟಿಗಿಂತ ಚಿಕ್ಕದು. ಕದಿರಿನ ತೆನೆಗಳು ಒಂದಾಗಿ ಬೆರೆತು ಹಳದಿ ಗೆರೆಯಾಗಿದ್ದವು, ಅತ್ತೆಯ ಮುಖ ಹತ್ತಿಪ್ಪತ್ತು ಚುಕ್ಕಿಗಳಷ್ಟು. ಅಕ್ಕ ಪರದೆಯ ಹತ್ತಿರ ಬಾಗಿ ನೋಡಿ, “ನಗುತ್ತಿದ್ದಾರೆ” ಎಂದರು.