ಕುಟುಂಬ, ಮಕ್ಕಳು ಮತ್ತು ಯುವಜನರ ಸೇವೆಗಳಿಗೆ ರಾಜ್ಯ ಆಯವ್ಯಯದ ಹಣ: ಏರಿತೇ, ಇಳಿಯಿತೇ ಎಂದು ಓದುವ ಕ್ರಮ

ಸಮಾಜಕಾರ್ಯದ ಸ್ನಾತಕೋತ್ತರ ಪತ್ರಿಕೆಗೂ ಇಲಾಖಾ ಪರೀಕ್ಷೆಗಳಿಗೂ ಓದುತ್ತಿರುವ ಶಿರಸಿ, ಕಾರವಾರ ಕಡೆಯ ಗೆಳೆಯರಿಗಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ. ಮಹಿಳೆ ಮತ್ತು ಮಕ್ಕಳ ಸೇವೆಗಳಿಗೆ ಆಯವ್ಯಯದಲ್ಲಿ ಆದ ಬದಲಾವಣೆಯನ್ನು ವಿಮರ್ಶಿಸಿ ಎಂದು ಕೇಳಿದರೆ, ನಮ್ಮಲ್ಲಿ ಹೆಚ್ಚಿನವರು ಮುಖ್ಯಮಂತ್ರಿಗಳ ಭಾಷಣದಲ್ಲಿರುವ ಇಲಾಖಾವಾರು ಮೊತ್ತವನ್ನು ಬರೆದು ಮುಗಿಸುತ್ತೇವೆ. ಆ ಮೊತ್ತ ಸರಿಯಾದದ್ದೇ. ಆದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ. ಸಂವಿಧಾನದ 202ರಿಂದ 206ರವರೆಗಿನ ಅನುಚ್ಛೇದಗಳು, ಲೇಖಾನುದಾನ, ಧನವಿನಿಯೋಗ ಮಸೂದೆ ಇವೆಲ್ಲ ಯಾವ ಮಾರ್ಗದರ್ಶಿಯಲ್ಲಾದರೂ ಸಿಗುವುದರಿಂದ ಇಲ್ಲಿ ಬಿಟ್ಟಿದ್ದೇನೆ.

ಹಣ ಇರುವ ಜಾಗ

ಕರ್ನಾಟಕದ ಆಯವ್ಯಯದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯ ಅನುದಾನ ಬೇಡಿಕೆಯ (ಇಲಾಖೆಯ ವೆಚ್ಚಕ್ಕೆ ಶಾಸಕಾಂಗದ ಒಪ್ಪಿಗೆ ಕೇಳುವ ಪಟ್ಟಿಯ) ಸಂಖ್ಯೆ 11. ಅದರೊಳಗೆ ಮುಖ್ಯವಾಗಿ ಎರಡು ಲೆಕ್ಕ ಶೀರ್ಷಿಕೆಗಳನ್ನು, ಅಂದರೆ ವೆಚ್ಚವನ್ನು ಗುರುತಿಸುವ ಸಂಕೇತ ಸಂಖ್ಯೆಗಳನ್ನು, ನೆನಪಿಡಬೇಕು: 2235 ಎಂದರೆ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ, 2236 ಎಂದರೆ ಪೌಷ್ಟಿಕತೆ. ಕಟ್ಟಡಗಳಂತಹ ಬಂಡವಾಳ ವೆಚ್ಚ 4235ರಲ್ಲಿ ಬರುತ್ತದೆ. 2235ರ ಕೆಳಗೆ 02 ಸಮಾಜ ಕಲ್ಯಾಣ, ಅದರ ಕೆಳಗೆ 102 ಮಕ್ಕಳ ಕಲ್ಯಾಣ, 103 ಮಹಿಳಾ ಕಲ್ಯಾಣ.

ಇಲ್ಲಿ ಎರಡು ಎಚ್ಚರಿಕೆಗಳು ಸಾಕು. ವೃದ್ಧಾಪ್ಯ ಮತ್ತು ವಿಧವಾ ವೇತನಗಳೂ 2235ರಲ್ಲೇ ಇವೆ, ಆದರೆ ಅವು ಕಂದಾಯ ಇಲಾಖೆಯ ಬೇಡಿಕೆಗೆ ಸೇರಿದವು. ಆದ್ದರಿಂದ 2235 ಎಂದು ಕಂಡಿದ್ದನ್ನೆಲ್ಲ ಕೂಡಿಸಿದರೆ ಪಿಂಚಣಿಯ ದೊಡ್ಡ ಮೊತ್ತ ನಮ್ಮ ಲೆಕ್ಕದೊಳಗೆ ನುಗ್ಗುತ್ತದೆ. ಕುಟುಂಬ ಕಲ್ಯಾಣ ಎಂಬ ಹೆಸರಿನ 2211 ಆರೋಗ್ಯ ಇಲಾಖೆಯದು; ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದವರ ಆಪ್ತಸಮಾಲೋಚನೆಗೂ ಅದಕ್ಕೂ ಸಂಬಂಧವಿಲ್ಲ.

ಗೃಹಲಕ್ಷ್ಮಿಯನ್ನು ಕಳೆದು ನೋಡುವುದು

ಇಡೀ ಟಿಪ್ಪಣಿಯಲ್ಲಿ ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಿ. ಉಳಿದ ವಿಷಯಗಳೆಲ್ಲ ಒಂದೆರಡು ಓದಿಗೆ ಹಿಡಿತಕ್ಕೆ ಬಂದವು. ಈ ಹಂತ ಮಾತ್ರ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ಕಳೆಯುವವರೆಗೆ ತಲೆಗೆ ಹತ್ತಲಿಲ್ಲ.

2023ರ ಫೆಬ್ರವರಿಯಲ್ಲಿ ಬಸವರಾಜ ಬೊಮ್ಮಾಯಿ ಅವರು ಮಂಡಿಸಿದ ಆಯವ್ಯಯದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಗೆ ಇಟ್ಟದ್ದು 5,676 ಕೋಟಿ ರೂ. ಚುನಾವಣೆಯ ನಂತರ ಅದೇ ವರ್ಷದ ಜುಲೈನಲ್ಲಿ ಸಿದ್ದರಾಮಯ್ಯ ಅವರು ಮಂಡಿಸಿದ ಆಯವ್ಯಯದಲ್ಲಿ ಅದು 24,166 ಕೋಟಿ ಆಯಿತು. 2024-25ಕ್ಕೆ 34,406 ಕೋಟಿ, 2025-26ಕ್ಕೆ 34,955 ಕೋಟಿ. ಮೊದಲ ಸಂಖ್ಯೆಯನ್ನೂ ಕೊನೆಯ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟರೆ ಆರು ಪಟ್ಟಿಗೂ ಹೆಚ್ಚಿನ ಏರಿಕೆ ಕಾಣುತ್ತದೆ. ಮಕ್ಕಳ ರಕ್ಷಣೆ, ಅಂಗನವಾಡಿ, ಸಾಂತ್ವನ ಕೇಂದ್ರ (ಸಂಕಷ್ಟದಲ್ಲಿರುವ ಮಹಿಳೆಯರ ನೆರವಿನ ಕೇಂದ್ರ) ಎಲ್ಲವೂ ಆರು ಪಟ್ಟು ಬಲಗೊಂಡಿವೆ ಎಂದು ಬರೆಯಲು ಕೈ ತವಕಿಸುವುದು ಇಲ್ಲಿಯೇ.

ಈಗ ಕಳೆಯೋಣ. ಕುಟುಂಬದ ಯಜಮಾನಿಗೆ ತಿಂಗಳಿಗೆ 2,000 ರೂ. ಕೊಡುವ ಗೃಹಲಕ್ಷ್ಮಿ ಯೋಜನೆ ಇದೇ ಇಲಾಖೆಯದು. 2023ರ ಜುಲೈ ಆಯವ್ಯಯದಲ್ಲಿ ಆ ವರ್ಷದ ಉಳಿದ ತಿಂಗಳುಗಳಿಗೆಂದು 17,500 ಕೋಟಿ ಇಡಲಾಗಿತ್ತು. ಮುಂದಿನ ಎರಡೂ ವರ್ಷ 28,608 ಕೋಟಿ. ಇಲಾಖೆಯ ಮೊತ್ತದಿಂದ ಅದನ್ನು ತೆಗೆದರೆ ಸಿಗುವುದನ್ನು ನಾನು ಉಳಿಕೆ ಎಂದು ಕರೆದುಕೊಂಡಿದ್ದೇನೆ. 2023ರ ಫೆಬ್ರವರಿಯಲ್ಲಿ ಯೋಜನೆಯೇ ಇರಲಿಲ್ಲವಾದ್ದರಿಂದ ಉಳಿಕೆ 5,676 ಕೋಟಿ. ಜುಲೈನಲ್ಲಿ 6,666 ಕೋಟಿ. 2024-25ರಲ್ಲಿ 5,798 ಕೋಟಿ. 2025-26ರಲ್ಲಿ 6,347 ಕೋಟಿ.

ಇಲಾಖೆಯ ಮೊತ್ತ 24,166ರಿಂದ 34,406 ಕೋಟಿಗೆ ಜಿಗಿದ ವರ್ಷದಲ್ಲೇ ಉಳಿಕೆ 868 ಕೋಟಿ ಕುಸಿದಿದೆ. ಪತ್ರಿಕೆಗಳ ಪಟ್ಟಿಯಲ್ಲಿ ಅದು ಹತ್ತು ಸಾವಿರ ಕೋಟಿಯ ಹೆಚ್ಚಳ. ಅಂಗನವಾಡಿ, ಬಾಲಮಂದಿರ, ಅಂಗವಿಕಲರ ಸೇವೆಗಳಿರುವ ಭಾಗದಲ್ಲಿ ಅದು ಇಳಿಕೆ. ಎರಡೂ ಹೇಳಿಕೆಗಳು ಒಂದೇ ಪುಟದಿಂದ ಹುಟ್ಟಿದವು, ಎರಡೂ ನಿಜ.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. 2023ರ ಫೆಬ್ರವರಿಯಿಂದ 2025-26ರವರೆಗೆ ಉಳಿಕೆ ಏರಿದ್ದು 671 ಕೋಟಿ, ಅಂದರೆ ಸುಮಾರು ಶೇ. 12. ಅದೇ ಅವಧಿಯಲ್ಲಿ ರಾಜ್ಯದ ಒಟ್ಟು ಆಯವ್ಯಯದ ಗಾತ್ರ 3,09,182 ಕೋಟಿಯಿಂದ 4,09,549 ಕೋಟಿಗೆ, ಅಂದರೆ ಶೇ. 32ಕ್ಕೂ ಹೆಚ್ಚು ಬೆಳೆಯಿತು. ಒಟ್ಟು ಗಾತ್ರದಲ್ಲಿ ಉಳಿಕೆಯ ಪಾಲು ಶೇ. 1.84 ಇದ್ದದ್ದು ಶೇ. 1.55ಕ್ಕೆ ಬಂದಿದೆ. ಪರೀಕ್ಷೆಯಲ್ಲಿ ಒಂದೇ ವಾಕ್ಯಕ್ಕೆ ಜಾಗವಿದ್ದರೆ ನಾನು ಬರೆಯುವ ವಾಕ್ಯ ಇದು: ಕುಟುಂಬಗಳ ಕೈಗೆ ನೇರವಾಗಿ ಹೋಗುವ ಹಣ ಬಹಳ ಹೆಚ್ಚಿದೆ, ಕುಟುಂಬಗಳಿಗೆ ಸೇವೆ ಕೊಡುವ ವ್ಯವಸ್ಥೆಯ ಹಣ ರಾಜ್ಯದ ಬೆಳವಣಿಗೆಯ ವೇಗದಲ್ಲಿ ಹೆಚ್ಚಿಲ್ಲ.

ಇದನ್ನು ಗೃಹಲಕ್ಷ್ಮಿಯ ವಿರುದ್ಧದ ವಾದವೆಂದು ಓದಬಾರದು. ಕುಮಟಾದ ಮೀನು ಮಾರುಕಟ್ಟೆಯಲ್ಲಿ ಬುಟ್ಟಿ ಹೊತ್ತು ಕೂರುವ ಹೆಂಗಸಿಗೆ ತಿಂಗಳಿಗೆ ಎರಡು ಸಾವಿರ ಏನೆಂಬುದು ಇಲ್ಲಿಯವರಿಗೆ ಹೇಳಬೇಕಾದ ವಿಷಯವಲ್ಲ. ಆದರೆ ನಗದು ವರ್ಗಾವಣೆ ಬೇರೆ, ಹೊಡೆತ ತಿಂದು ಮನೆ ಬಿಟ್ಟು ಬಂದವಳ ಜೊತೆ ಕುಳಿತು ಮಾತಾಡುವ ಆಪ್ತಸಮಾಲೋಚಕಿಯ ಸಂಬಳ ಬೇರೆ. ಮೊದಲನೆಯದು ಎರಡನೆಯದರ ಕೆಲಸ ಮಾಡುವುದಿಲ್ಲ.

ಈ ಕಳೆಯುವ ವಿಧಾನಕ್ಕೆ ಒಂದು ತಾಳೆಯೂ ಇದೆ. ಒಬ್ಬ ಮಹಿಳೆಗೆ ವರ್ಷಕ್ಕೆ 24,000 ರೂ. ಆಗುವುದರಿಂದ 28,608 ಕೋಟಿಯನ್ನು 24,000ದಿಂದ ಭಾಗಿಸಿದರೆ 1.192 ಕೋಟಿ ಮಹಿಳೆಯರು ಬರುತ್ತಾರೆ. ಫಲಾನುಭವಿಗಳು ಸುಮಾರು 1.2 ಕೋಟಿ ಎಂಬ ಅಧಿಕೃತ ಹೇಳಿಕೆಗೆ ಇದು ಹೊಂದುತ್ತದೆ. ಯಾವ ನಗದು ಯೋಜನೆಗೂ ಹೀಗೆ ಮೊತ್ತವನ್ನು ತಲಾ ವಾರ್ಷಿಕ ದರದಿಂದ ಭಾಗಿಸಿ ನೋಡುವ ಅಭ್ಯಾಸ ಒಳ್ಳೆಯದು. ಭಾಗಲಬ್ಧ ಫಲಾನುಭವಿಗಳ ಸಂಖ್ಯೆಗಿಂತ ತೀರ ಕಡಿಮೆ ಬಂದರೆ, ಒಂದೆರಡು ಕಂತು ಮುಂದಿನ ವರ್ಷಕ್ಕೆ ಜಾರುತ್ತದೆ ಅಥವಾ ಪೂರಕ ಅಂದಾಜು ಬರುತ್ತದೆ ಎಂದು ಊಹಿಸಬಹುದು.

ಉಳಿಕೆಯೊಳಗಿನ ಏರಿಕೆಯನ್ನೂ ಒಡೆದು ನೋಡಬೇಕು. 2025-26ರಲ್ಲಿ ಅದು 549 ಕೋಟಿ ಹೆಚ್ಚಿತು. ಅದೇ ಆಯವ್ಯಯದಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಗೌರವಧನವನ್ನು ತಿಂಗಳಿಗೆ 1,000 ರೂ., ಸಹಾಯಕಿಯರದನ್ನು 750 ರೂ. ಏರಿಸುವ ಘೋಷಣೆಯಾಯಿತು. ರಾಜ್ಯದಲ್ಲಿ ಸುಮಾರು 70 ಸಾವಿರ ಅಂಗನವಾಡಿಗಳಿವೆ ಎಂದು ಹಿಡಿದರೆ ಕಾರ್ಯಕರ್ತೆಯರಿಗೆ ವರ್ಷಕ್ಕೆ 84 ಕೋಟಿ, ಸಹಾಯಕಿಯರಿಗೆ ಹೆಚ್ಚೆಂದರೆ 63 ಕೋಟಿ ಬೇಕು. ಏರಿಕೆಯ ಕಾಲು ಭಾಗದಷ್ಟು ಅಲ್ಲಿಗೇ ಮುಗಿಯಿತು. ಇದು ನ್ಯಾಯವಾದ ವೆಚ್ಚವೇ, ಆದರೆ ಇದರಿಂದ ಹೊಸ ಸೇವೆಯೊಂದು ಹುಟ್ಟುವುದಿಲ್ಲ.

ಒಂದು ರೂಪಾಯಿ ಕಡಿತ ಎಂದರೆ ಎಷ್ಟು ಕಡಿತ

ಮಕ್ಕಳ ರಕ್ಷಣೆಯ ಬಹುಪಾಲು ಹಣ ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಪುರಸ್ಕೃತ (ಕೇಂದ್ರ, ರಾಜ್ಯ ಎರಡೂ ಹಣ ಹಾಕುವ) ಯೋಜನೆಯ ಮೂಲಕ ಬರುತ್ತದೆ. ಮಕ್ಕಳ ಕಲ್ಯಾಣ ಸಮಿತಿ, ಬಾಲನ್ಯಾಯ ಮಂಡಳಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಬಾಲಮಂದಿರಗಳು, ಪ್ರಾಯೋಜಕತ್ವ ಇವೆಲ್ಲ ಅದರಡಿಯಲ್ಲಿವೆ. ಕೇಂದ್ರ ಮತ್ತು ರಾಜ್ಯದ ಪಾಲು 60:40. ಅಂಗನವಾಡಿಯ ಪೂರಕ ಪೌಷ್ಟಿಕ ಆಹಾರಕ್ಕೆ ಮಾತ್ರ 50:50.

ಪ್ರಾಯೋಜಕತ್ವವನ್ನೇ ಉದಾಹರಣೆಯಾಗಿ ಹಿಡಿಯೋಣ. ಗ್ರಾಮೀಣ ಭಾಗದಲ್ಲಿ ವಾರ್ಷಿಕ ಆದಾಯ 72,000 ರೂ., ನಗರದಲ್ಲಿ 96,000 ರೂ. ಮೀರದ ಕುಟುಂಬದ ಸಂಕಷ್ಟದಲ್ಲಿರುವ ಮಗುವಿಗೆ, ಅದು ಮನೆಯಲ್ಲೇ ಬೆಳೆಯಲೆಂದು, ತಿಂಗಳಿಗೆ 4,000 ರೂ. ಕೊಡಲಾಗುತ್ತದೆ. ಇದರಲ್ಲಿ ರಾಜ್ಯದ ಪಾಲು 1,600 ರೂ. ನೂರು ಮಕ್ಕಳಿಗೆ ವರ್ಷಕ್ಕೆ 48 ಲಕ್ಷ ಬೇಕು, ರಾಜ್ಯ ಹಾಕುವುದು 19.2 ಲಕ್ಷ. ರಾಜ್ಯ ತನ್ನ ಪಾಲಿನಲ್ಲಿ ಒಂದು ರೂಪಾಯಿ ಹಿಡಿದಿಟ್ಟರೆ ಅದಕ್ಕೆ ಹೊಂದಿಕೊಂಡ ಕೇಂದ್ರದ ಒಂದೂವರೆ ರೂಪಾಯಿಯೂ ನಿಲ್ಲುತ್ತದೆ. ಮಗುವಿನ ತುದಿಯಲ್ಲಿ ಆಗುವ ನಷ್ಟ ಎರಡೂವರೆ ರೂಪಾಯಿ. ಆದ್ದರಿಂದ 60:40ರ ಕೇಂದ್ರ ಪುರಸ್ಕೃತ ಯೋಜನೆಗಳಲ್ಲಿ ರಾಜ್ಯದ ಪಾಲಿನ ಕಡಿತವನ್ನು ನೋಡಿದಾಗ 2.5ರಿಂದ ಗುಣಿಸಿ ಓದಬೇಕು.

ಸಾಂತ್ವನ ಕೇಂದ್ರದಂತಹ ರಾಜ್ಯದ್ದೇ ಆದ ಯೋಜನೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಒಂದು ರೂಪಾಯಿ ಕಡಿತ ಒಂದೇ ರೂಪಾಯಿ. ನನ್ನ ಅಭಿಪ್ರಾಯದಲ್ಲಿ ಇಕ್ಕಟ್ಟಿನ ವರ್ಷದಲ್ಲಿ ಇಂತಹ ಸಣ್ಣ ಯೋಜನೆಗಳೇ ಮೊದಲು ಸೊರಗಲು ಇದೂ ಒಂದು ಕಾರಣ: ಕೈಬಿಟ್ಟರೆ ದೆಹಲಿಯಿಂದ ಬರುವುದು ನಿಲ್ಲುವುದಿಲ್ಲ, ಸ್ವಯಂಸೇವಾ ಸಂಸ್ಥೆಯ ಮೂಲಕ ನಡೆಯುವುದರಿಂದ ಕಾಯಂ ನೌಕರರ ವಿರೋಧವೂ ಇರುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಅಂಗನವಾಡಿ ಕಾರ್ಯಕರ್ತೆಯ ಗೌರವಧನದಲ್ಲಿ 2018ರಲ್ಲಿ ಕೇಂದ್ರ ನಿಗದಿಪಡಿಸಿದ 4,500 ರೂ. ಮಾತ್ರ ಹಂಚಿಕೆಯ ಲೆಕ್ಕಕ್ಕೆ ಬರುತ್ತದೆ, ಅದರ ಮೇಲೆ ಏರಿಸಿದ್ದೆಲ್ಲ ರಾಜ್ಯದ ಹೊರೆ.

ತಲಾ ದರಗಳು ಇಡೀ ರಾಜ್ಯಕ್ಕೆ ಒಂದೇ ಎಂಬುದನ್ನೂ ಗಮನಿಸಿ. ನಮ್ಮ ಜಿಲ್ಲಾ ಕಚೇರಿಗಳು ಕಾರವಾರದಲ್ಲಿವೆ. ಶಿರಸಿ, ಸಿದ್ದಾಪುರದ ಕುಟುಂಬವೊಂದು ಘಟ್ಟ ಇಳಿದು ಅಲ್ಲಿಗೆ ಹೋಗಬೇಕಾದರೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಒಂದು ದಿನದ ಕೂಲಿ ಹೋಗುತ್ತದೆ. ಜೋಯಿಡಾದಂತಹ ತಾಲ್ಲೂಕಿನಲ್ಲಿ ಕಾಡಿನೊಳಗೆ ಚದುರಿದ ಮನೆಗಳಿಗೆ ಭೇಟಿ ಕೊಡುವ ಕ್ಷೇತ್ರ ಸಿಬ್ಬಂದಿಯ ಖರ್ಚನ್ನೂ ಬಯಲುಸೀಮೆಯ ದರದಲ್ಲೇ ಅಳೆಯಲಾಗುತ್ತದೆ.

059, 422, 423

ಕರ್ನಾಟಕದ ಲೆಕ್ಕ ಶೀರ್ಷಿಕೆಯ ಕೊನೆಯ ಮೂರು ಅಂಕಿಗಳು ಹಣ ಯಾವ ಬಗೆಯ ವೆಚ್ಚಕ್ಕೆ ಎಂದು ಹೇಳುತ್ತವೆ. 059 ಇತರೆ ವೆಚ್ಚ, 422 ಪರಿಶಿಷ್ಟ ಜಾತಿ ಉಪಯೋಜನೆ, 423 ಗಿರಿಜನ ಉಪಯೋಜನೆ. ಒಂದೇ ಯೋಜನೆಯ ಹಣ ಈ ಮೂರರಲ್ಲೂ ಹರಡಿರುತ್ತದೆ. 059ರ ಸಾಲು ಇಳಿದು 422, 423ರ ಸಾಲುಗಳು ಏರಿದ್ದರೆ ಯೋಜನೆಯ ಹಣ ಇಳಿದಿಲ್ಲ, ಮೂಲ ಬದಲಾಗಿದೆ ಎಂದರ್ಥ. 2013ರ ಉಪಯೋಜನೆ ಕಾಯ್ದೆಯಡಿ ಆ ಹಣ ಆಯಾ ಸಮುದಾಯಗಳಿಗೇ ಸಲ್ಲಬೇಕಾದದ್ದು. ಗೃಹಲಕ್ಷ್ಮಿಯಂತಹ ಗ್ಯಾರಂಟಿ ಯೋಜನೆಗಳಿಗೆ ಅದನ್ನು ಬಳಸುವ ಬಗ್ಗೆ ವಿಧಾನಮಂಡಲದಲ್ಲಿ ಆದ ಚರ್ಚೆಯ ತಿರುಳು ಇದೇ.

ನಮ್ಮ ಜಿಲ್ಲೆಯಲ್ಲಿ ಇದರ ಪರಿಣಾಮ ವಿಚಿತ್ರವಾಗಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಯರು 2003ರಿಂದ ಪರಿಶಿಷ್ಟ ಪಂಗಡದವರಾದ್ದರಿಂದ 423ರ ಹಣಕ್ಕೆ ಅರ್ಹರು. ಅಂಕೋಲಾ, ಕುಮಟಾದ ಹಾಲಕ್ಕಿ ಒಕ್ಕಲಿಗರು ಬದುಕಿನ ಸ್ಥಿತಿಯಲ್ಲಿ ಅಷ್ಟೇನೂ ದೂರವಿಲ್ಲದಿದ್ದರೂ ಆ ಪಟ್ಟಿಯಲ್ಲಿಲ್ಲ. ಅವರ ಮಕ್ಕಳ ಸೇವೆಗೆ 059ರ ಹಣವೇ ಆಗಬೇಕು.

ಯುವಜನರ ಹಣ

ಇದಕ್ಕೆ ಒಂದೇ ಜಾಗವಿಲ್ಲ. ಕ್ರೀಡೆ ಮತ್ತು ಯುವಜನ ಸೇವೆ 2204ರಲ್ಲಿ, ಬೇಡಿಕೆ 12ರಲ್ಲಿ ಬರುತ್ತದೆ. ಯುವಜನರ ಮಾನಸಿಕ ಸ್ವಾಸ್ಥ್ಯಕ್ಕಾಗಿ ನಿಮ್ಹಾನ್ಸ್ ಸಹಯೋಗದಲ್ಲಿ ನಡೆಯುವ ಯುವ ಸ್ಪಂದನ ಆ ಇಲಾಖೆಯದು. ಯುವನಿಧಿ ಕೌಶಲ್ಯಾಭಿವೃದ್ಧಿ ಇಲಾಖೆಯದು. ಅದಕ್ಕೆ 2024-25ರಲ್ಲಿ 650 ಕೋಟಿ, 2025-26ರಲ್ಲಿ 600 ಕೋಟಿ ಇಡಲಾಯಿತು. ಹದಿನಾಲ್ಕರಿಂದ ಹದಿನೆಂಟರ ಕಿಶೋರಿಯರ ಕೇಂದ್ರ ಯೋಜನೆ ನಮ್ಮ ರಾಜ್ಯದಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳಾದ ರಾಯಚೂರು, ಯಾದಗಿರಿಗೆ ಸೀಮಿತ. ಬಾಲಮಂದಿರದಿಂದ ಹದಿನೆಂಟಕ್ಕೆ ಹೊರಬಂದವರ ಅನುಪಾಲನೆ (ಹೊರಬಂದ ನಂತರದ ನೆರವು) ಮಾತ್ರ ವಾತ್ಸಲ್ಯದಡಿ ಬೇಡಿಕೆ 11ರಲ್ಲೇ ಉಳಿಯುತ್ತದೆ.

ಜಿಲ್ಲೆಗೆ ಬರುವ ದಾರಿ

ಮಕ್ಕಳ ಕಲ್ಯಾಣದ 102ನ್ನು ಮಾತ್ರ ನೋಡಿದವರಿಗೆ ಮಕ್ಕಳ ಹಣ ಕಡಿಮೆ ಕಾಣಬಹುದು, ಏಕೆಂದರೆ ಜಿಲ್ಲಾ ವಲಯದ ಹಣ 196 ಜಿಲ್ಲಾ ಪಂಚಾಯಿತಿ, 197 ತಾಲ್ಲೂಕು ಪಂಚಾಯಿತಿ, 198 ಗ್ರಾಮ ಪಂಚಾಯಿತಿ ಎಂಬ ಶೀರ್ಷಿಕೆಗಳ ಮೂಲಕ ಹೋಗುತ್ತದೆ. ಉತ್ತರ ಕನ್ನಡದ ಪಾಲು ಎಷ್ಟೆಂದು ತಿಳಿಯಲು ಆಯವ್ಯಯದ ಜೊತೆಗೇ ಬರುವ ಲಿಂಕ್ ಡಾಕ್ಯುಮೆಂಟ್ ನೋಡಬೇಕು. ಅಲ್ಲಿ ಜಿಲ್ಲಾವಾರು ಸಾಲುಗಳಿವೆ.

ಹೋಲಿಸುವಾಗ ಯಾವ ಕಾಲಮನ್ನು ಯಾವುದರ ಜೊತೆ ಇಡುತ್ತೇವೆ ಎಂಬುದು ಮುಖ್ಯ. 2025-26ರ ಪುಸ್ತಕದಲ್ಲಿ 2023-24ರ ಲೆಕ್ಕ, 2024-25ರ ಆಯವ್ಯಯ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು ಮತ್ತು 2025-26ರ ಅಂದಾಜು ಇರುತ್ತವೆ. ವರ್ಷದ ನಡುವೆ ಕಡಿತವಾಗಿ ಪರಿಷ್ಕೃತ ಅಂದಾಜು ತಗ್ಗಿದ್ದರೆ, ಅದರೊಂದಿಗೆ ಹೋಲಿಸಿದ ಹೊಸ ಅಂದಾಜು ದೊಡ್ಡ ಏರಿಕೆಯಂತೆ ತೋರುತ್ತದೆ. ಅಂದಾಜನ್ನು ಅಂದಾಜಿನ ಜೊತೆಗೇ ಇಟ್ಟು, ಪರಿಷ್ಕೃತವನ್ನು ಪಕ್ಕದಲ್ಲಿ ಬೇರೆಯಾಗಿ ಬರೆದುಕೊಳ್ಳಿ.

ಕಾರವಾರದ ಕೆಡಿಪಿ (ಜಿಲ್ಲೆಯ ಯೋಜನೆಗಳ ಪ್ರಗತಿ ಪರಿಶೀಲನೆಯ) ಸಭೆಗಳ ಪ್ರಗತಿ ವರದಿಯಲ್ಲಿ ಹಂಚಿಕೆ, ಬಿಡುಗಡೆ, ವೆಚ್ಚ ಎಂಬ ಮೂರು ಕಾಲಮುಗಳಿರುತ್ತವೆ. ಏಕ ನೋಡಲ್ ಖಾತೆಯ (ಯೋಜನೆಗೊಂದರಂತೆ ರಾಜ್ಯದಲ್ಲಿ ತೆರೆದ ಬ್ಯಾಂಕ್ ಖಾತೆಯ) ಮೂಲಕ ಹಣ ಹರಿಯುವ ಕೇಂದ್ರ ಪುರಸ್ಕೃತ ಯೋಜನೆಗಳಲ್ಲಿ, ಖಜಾನೆಯಿಂದ ಹಣ ಆ ಖಾತೆಗೆ ಹೋದ ಕೂಡಲೇ ರಾಜ್ಯದ ಲೆಕ್ಕದಲ್ಲಿ ಅದು ವೆಚ್ಚವಾಗಿ ದಾಖಲಾಗುತ್ತದೆ. ಮಗುವಿನ ಖಾತೆಗೆ ಜಮೆಯಾಗುವುದು ಅದರ ನಂತರ. ಹಾಗಾಗಿ ಪ್ರಾಯೋಜಕತ್ವದಂತಹ ಸಾಲುಗಳಲ್ಲಿ ಮಾರ್ಚ್ ಕೊನೆಯ ವೆಚ್ಚದ ಪ್ರಮಾಣವನ್ನು ಉಲ್ಲೇಖಿಸುವಾಗ ಅದು ಖಜಾನೆಯ ಲೆಕ್ಕವೋ ನೋಡಲ್ ಖಾತೆಯ ಲೆಕ್ಕವೋ ಎಂಬುದನ್ನು ಉತ್ತರದಲ್ಲೇ ನಮೂದಿಸಿ.